ಅವ್ವನ ಬರಿಹಣೆ

ಹೋದ ವಾರ ಕಿಟಕಿಯ ಪರದೆಗೆ ಬಟ್ಟೆ ತರಲೆಂದು ನಾಗಪುರದ ಗಾಂಧಿಬಾಗ್ ಪೇಟೆಗೆ ಹೋಗಿದ್ದೆ. ನನ್ನ ವಯಸ್ಸಿನವರು ಆ ಓಣಿಗಳಿಗೆ ಒಬ್ಬರೇ ಹೋಗಬಾರದು. ಕೈಗಾಡಿಯವರು, ಸ್ಕೂಟರಿನವರು, ತಲೆಯ ಮೇಲೆ ಗಂಟು ಹೊತ್ತವರು ಎಲ್ಲರೂ ನಮ್ಮನ್ನು ಒಂದಿಷ್ಟು ತಳ್ಳಿಯೇ ಮುಂದೆ ಹೋಗುತ್ತಾರೆ. ಹಾಗೆ ತಳ್ಳಿಸಿಕೊಂಡು ಒಂದು ಅಂಗಡಿಯ ಕಟ್ಟೆಗೆ ಆತು ನಿಂತೆ. ಅದು ಬಳೆ, ಟಿಕಲಿಗಳ ಸಗಟು ಅಂಗಡಿ. ಟಿಕಲಿ ಎಂದರೆ ಹಣೆಗೆ ಅಂಟಿಸಿಕೊಳ್ಳುವ ಬೊಟ್ಟು. ನಿಮ್ಮ ಕಡೆ ಸ್ಟಿಕ್ಕರ್ ಅನ್ನುತ್ತೀರೋ ಏನೋ. ಅಂಗಡಿಯವ ಹೊಸ ಕಟ್ಟೊಂದನ್ನು ಬಿಚ್ಚಿ ಹಾಳೆಗಳನ್ನು ಗಿರಾಕಿಯ ಮುಂದೆ ಹರವಿದ. ಬಿಸಿಲಿಗೆ ಬೆಚ್ಚಗಾದ ಅಗ್ಗದ ಅಂಟಿನ ವಾಸನೆ ಮೂಗಿಗೆ ಬಂತು. ಪರದೆಯ ಬಟ್ಟೆ ಕೊಳ್ಳದೆಯೇ ಮನೆಗೆ ಬಂದೆ.

ಅದು ನಮ್ಮ ಅವ್ವನ ಹಣೆಯ ವಾಸನೆ. ಚಿಕ್ಕವಳಿದ್ದಾಗ ಅವಳು ನನ್ನನ್ನು ಬಗ್ಗಿ ಮುದ್ದಿಸಿದರೆ ಮೊದಲು ಬರುತ್ತಿದ್ದದ್ದು ಅದೇ. ಎಣ್ಣೆ, ಒಗ್ಗರಣೆ, ಬೆವರು ಎಲ್ಲ ಆಮೇಲೆ.

ನಾನು ಈ ಊರಿನ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೂತು ಮುದುಕಿಯಾದವಳು. ಬೇರೆಯವರ ವರದಿಗಳಿಂದ ವಿಶೇಷಣಗಳನ್ನು ಹೊಡೆದುಹಾಕುವುದೇ ನನ್ನ ಕೆಲಸವಾಗಿತ್ತು. ‘ಧೀರ’, ‘ಹೃದಯವಿದ್ರಾವಕ’, ‘ಅಭೂತಪೂರ್ವ’ ಇಂಥವು ಕಂಡರೆ ಈಗಲೂ ಬೆರಳು ಪೆನ್ಸಿಲ್ಲು ಹುಡುಕುತ್ತದೆ. ಅವ್ವನ ವಿಷಯವನ್ನೂ ಹಾಗೆಯೇ ಹೇಳಲು ನೋಡುತ್ತೇನೆ. ಎಲ್ಲಾದರೂ ಒಂದು ವಿಶೇಷಣ ನುಸುಳಿದರೆ ನೀವೇ ಹೊಡೆದುಹಾಕಿಬಿಡಿ.

ನಾವು ಗದಗಿನ ಕಡೆಯ ಕ್ರೈಸ್ತರು. ಅಪ್ಪನ ಹೆಸರು ಪ್ರಭಾಕರ, ಅಜ್ಜನದು ಬೆಂಜಮಿನ್, ಊರು ಮುಳಗುಂದ. ಅಪ್ಪ ಸರಕಾರಿ ಲೆಕ್ಕಪತ್ರದ ಕಚೇರಿಗೆ ಕಾರಕೂನನಾಗಿ ನಾಗಪುರಕ್ಕೆ ಬಂದ. ಇಲ್ಲಿ ಅಡ್ಡಹೆಸರು ಹೇಳದ ಹೊರತು ಮನುಷ್ಯನ ಹೆಸರು ಮುಗಿಯುವುದಿಲ್ಲ. ಕಚೇರಿಯಲ್ಲಿ ಯಾರೋ ಊರು ಯಾವುದೆಂದು ಕೇಳಿ, ಅದಕ್ಕೊಂದು ‘ಕರ’ ಹಚ್ಚಿ, ಮುಳಗುಂದಕರ ಎಂದು ಬರೆದುಕೊಂಡರು. ಅಪ್ಪನಿಗೆ ಅದು ಹಿಡಿಸಿತು. ಹಿಡಿಸುವುದಕ್ಕೆ ಕಾರಣವಿತ್ತು. ಅದಕ್ಕೂ ಮೊದಲು ಬಾಡಿಗೆ ಮನೆ ಹುಡುಕುವಾಗ ಆತ ತನ್ನ ಪೂರ್ತಿ ಹೆಸರು ಹೇಳಿ, ಖಾಲಿ ಇದ್ದ ಮನೆಗಳೆಲ್ಲ ತನ್ನ ಕಣ್ಣೆದುರೇ ಭರ್ತಿಯಾದದ್ದನ್ನು ಕಂಡಿದ್ದ. ಮುಳಗುಂದಕರನಾದ ಮೇಲೆ ಧರಮಪೇಠದಲ್ಲಿ ಒಂದು ಮಹಡಿ ಮನೆ ಸಿಕ್ಕಿತು. ಬೆಂಜಮಿನ್ ಎಂಬ ಅಜ್ಜ ‘ಬಿ’ ಎಂಬ ಒಂದಕ್ಷರವಾಗಿ ನಡುವೆ ಉಳಿದುಕೊಂಡ.

ಕೆಳಗಿನ ಮನೆಯ ಯಜಮಾನಿಯನ್ನು ನಾವೆಲ್ಲ ಕಾಕು ಎನ್ನುತ್ತಿದ್ದೆವು. ಆಕೆ ನೀವು ಯಾರೆಂದು ಕೇಳಿದಾಗ ಅಪ್ಪ, ಕಾನಡೀ ಜನ, ಗದಗಿನ ಕಡೆಯವರು ಎಂದ. ಅದು ನಿಜವೇ. ಅಪ್ಪ ಸುಳ್ಳು ಹೇಳಲಿಲ್ಲ, ನಿಜದಲ್ಲಿ ತನಗೆ ಬೇಕಾದಷ್ಟನ್ನು ಮಾತ್ರ ಹೇಳಿದ. ನಮ್ಮ ಪತ್ರಿಕೆಯ ಕಚೇರಿಯಲ್ಲಿ ಅದಕ್ಕೆ ಸಂಪಾದನೆ ಎನ್ನುತ್ತಿದ್ದೆವು.

ಆದರೆ ಅವ್ವನ ಹಣೆಯನ್ನು ಸಂಪಾದಿಸುವುದು ಅಷ್ಟು ಸುಲಭವಿರಲಿಲ್ಲ. ನಮ್ಮ ಹೆಂಗಸರು ಕುಂಕುಮ ಹಚ್ಚುವುದಿಲ್ಲ. ಗದಗಿನಲ್ಲಿ ಅದನ್ನು ಯಾರೂ ಕೇಳುತ್ತಿರಲಿಲ್ಲ, ಇವರು ಮಿಶನ್ ಕಂಪೌಂಡಿನವರು ಎಂದು ಊರಿಗೇ ಗೊತ್ತಿತ್ತು. ಧರಮಪೇಠದಲ್ಲಿ ಗಂಡನಿರುವ ಹೆಂಗಸು ಬರಿಹಣೆಯಲ್ಲಿ ಮೆಟ್ಟಿಲಿಳಿದರೆ ಇಡೀ ಓಣಿ ತಿರುಗಿ ನೋಡುತ್ತದೆ. ಅಪ್ಪ ಒಂದು ಸಂಜೆ ಟಿಕಲಿಯ ಪಾಕೀಟು ತಂದ. ಆ ಮಾತುಕತೆಯನ್ನು ಅವ್ವ ಎಷ್ಟೋ ಸಲ ಇಬ್ಬರ ದನಿಯನ್ನೂ ತೆಗೆದು ಆಡಿ ತೋರಿಸಿದ್ದರಿಂದ ನನಗೆ ಬಾಯಿಪಾಠವಾಗಿದೆ.

“ಹೊರಗ ಹೋಗುವಾಗಷ್ಟ ಹಚ್ಚಿಕೋ. ಇದೇನು ಪೂಜಿ ಅಲ್ಲ, ಬರೇ ಅಂಟು.”

“ಅಂಟು ಅಂತ ನಿಮಗೂ ಗೊತ್ತೈತಿ, ನನಗೂ ಗೊತ್ತೈತಿ. ನೋಡವ್ರಿಗೆ ಗೊತ್ತಾಗಬೇಕಲ್ರೀ.”

“ನೋಡವ್ರಿಗೆ ಗೊತ್ತಾಗಬಾರದಂತನ ತಂದೀನಿ.”

ಅವ್ವ ಹಚ್ಚಿಕೊಂಡಳು. ಪ್ರಾರ್ಥನೆಗೆ ಕೂರುವ ಮೊದಲು ಅದನ್ನು ಕಿತ್ತು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಅಂಟಿಸುವಳು, ಪ್ರಾರ್ಥನೆ ಮುಗಿದ ಮೇಲೆ ಮತ್ತೆ ಹಣೆಗೆ. ಯಾಕೆ ಹಾಗೆ ಎಂದು ನಾನು ಕೇಳಿದ್ದಕ್ಕೆ, “ದೀಕ್ಷಾಸ್ನಾನದಾಗ ಅಯ್ಯನವರು ಈ ಹಣಿಗೆ ನೀರು ಹಚ್ಚಿ ಅವನ ಹೆಸರು ಹೇಳ್ಯಾರ. ಅದರ ಮ್ಯಾಲೆ ಮುಚ್ಚಳ ಹಾಕಿಕೊಂಡು ಅವನ ಮುಂದ ಹೆಂಗ ಕುಂದ್ರಲಿ?” ಎಂದಿದ್ದಳು. ಅಯ್ಯನವರೆಂದರೆ ನಮ್ಮಲ್ಲಿ ಸಭಾಪಾಲಕರು. ಅವನೆಂದರೆ ಯಾರೆಂದು ನೀವು ಊಹಿಸಬಲ್ಲಿರಿ. ಅವ್ವನ ಮಾತಿನಲ್ಲಿ ಅಪ್ಪ ‘ಇವರು’, ಕ್ರಿಸ್ತ ‘ಅವ’. ಹತ್ತಿರದವನಿಗೆ ಬಹುವಚನ ಯಾಕೆ ಎಂಬುದು ಅವಳ ಲೆಕ್ಕ. ಅನ್ನಕ್ಕೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂಬುದನ್ನೂ ಅವನನ್ನೇ ಕೇಳುತ್ತಿದ್ದಳು. “ಯೇಸಪ್ಪಾ, ಉಪ್ಪು ಹಾಕೀನೇನೋ?” ಉತ್ತರ ಬಂದಂತೆ ಕಾಣಿಸಲಿಲ್ಲ. ಎಷ್ಟೋ ದಿನ ನಾವು ಎರಡು ಸಲ ಉಪ್ಪು ಬಿದ್ದ ಅನ್ನ ಉಂಡಿದ್ದೇವೆ.

ನಾನು ಕನ್ನಡ ಕಲಿತದ್ದೂ ಅವಳ ಬೈಬಲಿನಿಂದ. ಶಾಲೆ ಮರಾಠಿ, ಓಣಿ ಹಿಂದಿ. ಕನ್ನಡವಿದ್ದದ್ದು ಆ ಒಂದು ಪುಸ್ತಕದಲ್ಲಿ ಮತ್ತು ಅವಳ ಬಾಯಲ್ಲಿ. ರಜೆಗೆ ಧಾರವಾಡಕ್ಕೆ ಹೋದಾಗ ‘ಇಗೋ, ಬಸ್ಸು ಬಂದಿತು’ ಎಂದು ಹೇಳಿ ನೆಂಟರನ್ನೆಲ್ಲ ನಗಿಸಿದ್ದೆ. ಹಳೆಯ ಒಡಂಬಡಿಕೆಯ ಪ್ರವಾದಿಯೊಬ್ಬ ಲಂಗ ತೊಟ್ಟು ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹಾಗೆ ಕಾಣುತ್ತೇನೆ ಎಂದು ಸೋದರಮಾವ ಹೇಳಿದ. ನನ್ನ ಈಗಿನ ಕನ್ನಡದಲ್ಲೂ ಎಲ್ಲೋ ಆ ಪ್ರವಾದಿ ಕೂತಿದ್ದಾನೆ, ಸಹಿಸಿಕೊಳ್ಳಿ.

ಭಾನುವಾರದ ಸಮಸ್ಯೆ ಬೇರೆ. ಅಪ್ಪ ಚರ್ಚಿಗೆ ಹೋಗುವುದನ್ನೇ ಬಿಟ್ಟುಬಿಟ್ಟಿದ್ದ, ಯಾರಾದರೂ ನೋಡಿದರೆ ಎಂದು. ಅವ್ವ ಬಿಡಲಿಲ್ಲ. ಹತ್ತಿರದ ಚರ್ಚು ಬೇಡವೆಂದು ಊರಾಚೆಯ ಕಾಮಠಿಯ ದಾರಿಯಲ್ಲಿದ್ದ ಚರ್ಚಿಗೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ವಾರವಾರವೂ ಎಲ್ಲಿಗೆ ಎಂದು ಕಾಕು ಕೇಳಿದಾಗ ಅಪ್ಪನೇ ಮುಂದೆ ಬಿದ್ದು, ಕಾಮಠಿಯಲ್ಲಿ ಇವಳ ತಂಗಿ ಇದ್ದಾಳೆ, ಮಿಲಿಟರಿಯವನ ಹೆಂಡತಿ ಎಂದ. ಅಂದಿನಿಂದ ನಮ್ಮ ಮನೆಯಲ್ಲಿ ಚರ್ಚಿಗೆ ‘ಚಿಕ್ಕವ್ವನ ಮನಿ’ ಎಂದೇ ಹೆಸರು. ಇಲ್ಲದ ಚಿಕ್ಕವ್ವ ದಿನೇದಿನೇ ಬೆಳೆದಳು. ಕಾಕು ಅವಳ ಕ್ಷೇಮ ಕೇಳುವಳು. ಸುಳ್ಳಾಡಲು ಬಾರದ ಅವ್ವ “ಬರೋಬರ್ ಆಹೇ”, ಚೆನ್ನಾಗಿದ್ದಾಳೆ, ಎಂದು ನೆಲ ನೋಡುತ್ತಾ ಹೊರಡುವಳು. ಸಂಕ್ರಾಂತಿಯಲ್ಲಿ ಕಾಕು ಆ ತಂಗಿಗೆಂದೇ ಬೇರೆ ಡಬ್ಬಿಯಲ್ಲಿ ಎಳ್ಳಿನುಂಡೆ ಕಟ್ಟಿಕೊಟ್ಟಳು. ಅವ್ವ ಅದನ್ನು ಅಯ್ಯನವರ ಹೆಂಡತಿಗೆ ಕೊಟ್ಟು, ಖಾಲಿ ಡಬ್ಬಿ ತಂದು, “ಬಹಳ ರುಚಿ ಆಗಿತ್ತಂತ” ಎಂದು ವರದಿ ಒಪ್ಪಿಸಿದಳು. ಆ ಒಂದು ವರದಿಯಾದರೂ ನಿಜವಾದದ್ದೆಂದು ಅವಳಿಗೆ ಸಮಾಧಾನ.

ಇದನ್ನೆಲ್ಲ ನಾನು ನಗೆಯಲ್ಲೇ ಹೇಳುತ್ತಾ ಬಂದೆ. ಅವ್ವ ನಗುತ್ತಿರಲಿಲ್ಲ. ಅವಳಿಗೆ ಬೇಕಾದದ್ದು ಒಂದೇ, ಅದನ್ನು ಅವಳು ಅಪ್ಪನಿಗೆ ನೇರವಾಗಿಯೇ ಹೇಳಿದ್ದಳು. “ಸಾಯೂದ್ರೊಳಗ ಒಮ್ಮೆ ಈ ಓಣ್ಯಾಗ ಬರಿ ಹಣೀಲೆ ನಡದು ಚರ್ಚಿಗೆ ಹೋಗಬೇಕು ನಾ. ಯಾರರ ಕೇಳಿದ್ರ ನಾ ಯಾರಾಕಿ ಅಂತ ಹೇಳಬೇಕು.”

“ಹೋಗು,” ಎಂದ ಅಪ್ಪ. “ಸಾಮಾನು ಕಟ್ಟಿಟ್ಟು ಹೋಗು. ಬಂದಮ್ಯಾಲೆ ಒಳಗ ಬಿಡಾಂಗಿಲ್ಲ.”

ಅಪ್ಪನನ್ನು ಕೆಟ್ಟವನೆಂದು ತಿಳಿಯಬೇಡಿ. ಊಟಕ್ಕೆ ಮೊದಲು ಕಿಟಕಿಗಳನ್ನೆಲ್ಲ ಮುಚ್ಚಿ, ದನಿಯಿಲ್ಲದೆ ತುಟಿಯಲ್ಲೇ ಪ್ರಾರ್ಥನೆ ಮಾಡುತ್ತಿದ್ದ ಆತ. ನಾಗಪುರದ ಬೇಸಿಗೆಯಲ್ಲಿ, ಅದೂ ಮಹಡಿಯ ಮೇಲೆ, ಕಿಟಕಿ ಮುಚ್ಚಿ ದೇವರಿಗೆ ಕೃತಜ್ಞತೆ ಹೇಳುವುದು ಎಂಥ ಭಕ್ತಿ ಎಂಬುದು ಇಲ್ಲಿದ್ದವರಿಗೇ ಗೊತ್ತು.

ಅಪ್ಪ ಸತ್ತದ್ದು ಒಂದು ಬೆಳಿಗ್ಗೆ, ಕಚೇರಿಗೆ ಹೊರಟು ಚಪ್ಪಲಿ ಮೆಟ್ಟುವಾಗ. ಎದೆ ಹಿಡಿದುಕೊಂಡು ಹೊಸ್ತಿಲಲ್ಲೇ ಕೂತವನು ಏಳಲಿಲ್ಲ. ನಾನು ಆಗ ಕಾಲೇಜು ಓದುತ್ತಿದ್ದೆ. ಅವ್ವ ತರಕಾರಿ ತರಲು ಹೋಗಿದ್ದವಳು ಚೀಲ ಹಿಡಿದು ಬಂದಳು, ಹಣೆಯ ಮೇಲೆ ಟಿಕಲಿ. ಅಷ್ಟು ಹೊತ್ತಿಗೆ ಓಣಿಯ ಹೆಂಗಸರು ಮೇಲೆ ಬಂದಾಗಿತ್ತು. ಅವರ ನಡುವೆ ಕಾಕುವಿನ ಅತ್ತೆ ಇದ್ದಳು, ಬಹಳ ವರ್ಷಗಳ ಹಿಂದೆ ಗಂಡನನ್ನು ಕಳೆದುಕೊಂಡ ಮುದುಕಿ. ಇಂಥ ಹೊತ್ತಿನಲ್ಲಿ ಕುಂಕುಮ ಒರೆಸುವ ಕೆಲಸ ಅವಳದ್ದು. ಒದ್ದೆ ಬಟ್ಟೆ ಹಿಡಿದು ಅವ್ವನ ಮುಂದೆ ಕೂತಳು. ಅವಳ ಕಣ್ಣಲ್ಲಿ ನೀರಿತ್ತು, ಕೈಯಲ್ಲಿ ಒರಟುತನವಿರಲಿಲ್ಲ. ಇದನ್ನು ದಾಖಲಿಸಲೇಬೇಕು.

ಅವ್ವ ಆ ಕೈಯನ್ನು ಹಿಡಿದುಕೊಂಡಳು. ಮೆಲ್ಲಗೆ ಕೆಳಗಿಟ್ಟಳು. ತಾನೇ ಟಿಕಲಿಯನ್ನು ಕಿತ್ತು ಅಪ್ಪನ ಅಂಗೈಯ ಹಿಂಬದಿಗೆ ಅಂಟಿಸಿದಳು. “ಇದು ಇವರ ಅಂಜಿಕಿ,” ಎಂದು ಕನ್ನಡದಲ್ಲಿ ನನಗೆ ಹೇಳಿದಳು. “ಇವರ ಜೋಡಿ ಹೋಗ್ಲಿ.” ಆಮೇಲೆ ಆ ಹೆಂಗಸರ ಕಡೆ ತಿರುಗಿ ತನ್ನ ಮುರುಕು ಮರಾಠಿಯಲ್ಲಿ ಹೇಳಿದಳು: “ಮೀ ಖ್ರಿಸ್ತಾಚೀ ಆಹೇ.” ನಾನು ಕ್ರಿಸ್ತನವಳು. ಗಂಡ ಹೋದನೆಂದು ಇದನ್ನು ತೆಗೆದದ್ದಲ್ಲ, ಮೊದಲಿಂದಲೂ ಇದು ನನ್ನದಲ್ಲ ಎಂದೂ ಸೇರಿಸಿದಳು. ಅವಳು ಬಯಸಿದ್ದ ಬರಿಹಣೆ ಅವಳಿಗೆ ಸಿಕ್ಕ ದಿನವೇ ಊರಿನ ಕಣ್ಣಿಗೆ ಅದು ವಿಧವೆಯ ಹಣೆಯಾಗಿತ್ತು. ಅದಕ್ಕೇ ಬಾಯಿಬಿಟ್ಟು ಹೇಳಬೇಕಾಯಿತು.

ಹೂಳುವ ವಿಷಯ ಬಂತು. ಚರ್ಚಿನ ಹಿರಿಯರು ಅಂಗಳದಲ್ಲಿ ನಿಂತು ಚರ್ಚೆ ಮಾಡಿದರು. ಆರಾಧನೆಗೇ ಬಾರದವನು ಸಭೆಯವನು ಹೇಗಾದಾನು ಎಂದರು ಒಬ್ಬರು. “ಬದುಕಿದ್ದಾಗ ನಮ್ಮನ್ನ ಕಂಡರೆ ರಸ್ತೆ ದಾಟಿ ಹೋಗುತ್ತಿದ್ದ, ಈಗ ನಮ್ಮ ಮಣ್ಣು ಬೇಕಾಯಿತೇ?” ಎಂದರು ಇನ್ನೊಬ್ಬರು, ಮರಾಠಿಯಲ್ಲಿ, ನಾನು ಕೇಳುವಷ್ಟು ಗಟ್ಟಿಯಾಗಿ. ಕೊನೆಗೆ ಗೋಡೆಯ ಮಗ್ಗುಲಲ್ಲಿ, ಚರಂಡಿಯ ಕಡೆ ಒಂದು ಜಾಗ ಕೊಟ್ಟರು. ಕೊಡದೇ ಇರಲಿಲ್ಲ. ಇದನ್ನೂ ದಾಖಲಿಸಬೇಕು.

ಕೆಲವು ವಾರ ಬಿಟ್ಟು ಕಾಕು ಮೇಲೆ ಬಂದಳು. ಚಹಾ ಕುಡಿದಳು. ಅಪ್ಪನ ಗುಣ ಹೊಗಳಿದಳು. ಆಮೇಲೆ ಬಟ್ಟಲನ್ನು ಕೆಳಗಿಡುತ್ತಾ, “ವಹಿನೀ, ಆಮ್ಹಾಲಾ ಮಾಹೀತ ಹೋತಂ,” ಎಂದಳು. ಅತ್ತಿಗೆ, ನಮಗೆ ಗೊತ್ತಿತ್ತು. ಯಾವಾಗಿನಿಂದ ಎಂದು ಅವ್ವ ಕೇಳಿದಳು. ಕಾಕು ನಕ್ಕಳು. “ತುಮಚ್ಯಾ ಬಹಿಣೀಚ್ಯಾ ಘರೀ ಘಂಟಾ ವಾಜತೇ.” ನಿಮ್ಮ ತಂಗಿಯ ಮನೆಯಲ್ಲಿ ಗಂಟೆ ಹೊಡೆಯುತ್ತದೆ.

ನಾವು ಆ ಮನೆಗೆ ಬಂದ ಮೊದಲ ವರ್ಷವೇ ಅವಳ ಗಂಡ ಕಾಮಠಿಯ ದಾರಿಯಲ್ಲಿ ನಮ್ಮನ್ನು ಕಂಡಿದ್ದನಂತೆ. ಹಾಗಾದರೆ ಆ ಎಳ್ಳಿನುಂಡೆ? ಅದನ್ನೂ ಅವಳು ಗೊತ್ತಿದ್ದೇ ಕಟ್ಟಿದ್ದಳು. ಹಬ್ಬಕ್ಕೆ ಅವ್ವನನ್ನು ಕರೆದು ಟಿಕಲಿಯ ಮೇಲೆಯೇ ಕುಂಕುಮ ಹಚ್ಚಿದ್ದೂ ಗೊತ್ತಿದ್ದೇ. ನೀವು ಹೇಳಲಿಲ್ಲ, ಆದ್ದರಿಂದ ನಾವೂ ಕೇಳಲಿಲ್ಲ. ಈಗ ನಾಲ್ಕು ಜನರ ಮುಂದೆ ನೀವೇ ಹೇಳಿಬಿಟ್ಟಿರಲ್ಲ, ನಮಗೂ ನೆಂಟರಿಷ್ಟರಿದ್ದಾರೆ ಎಂದಳು. ಮಗನ ಮದುವೆ ಬರುತ್ತಿದೆ, ಮೇಲಿನ ಮನೆ ಬೇಕಾಗುತ್ತದೆ. ಆ ಮಗ ಇನ್ನೂ ಹತ್ತನೆಯ ಇಯತ್ತೆಯಲ್ಲಿದ್ದ. ಕೆಳಗೆ ಬೀಜಗಣಿತ ಉರು ಹೊಡೆಯುತ್ತಿದ್ದದ್ದು ಮೇಲೆ ನಮಗೆ ಕೇಳುತ್ತಿತ್ತು.

ಇಷ್ಟು ವರ್ಷ ಯೋಚಿಸಿದರೂ ನನಗೆ ಇದರಷ್ಟು ಕಹಿಯಾದದ್ದು ಬೇರೆ ಕಂಡಿಲ್ಲ. ಅಪ್ಪ ಯಾರಿಂದ ಮುಚ್ಚಿಟ್ಟನೋ ಅವರಿಗೆ ಎಲ್ಲ ಗೊತ್ತಿತ್ತು. ನಾವು ಏನೆಂಬುದು ಅವರಿಗೆ ಅಡ್ಡಿಯಾಗಿರಲಿಲ್ಲ, ನಾವು ಅಂಜಿಕೊಂಡಿರುವವರೆಗೆ. ಅವ್ವ ಅಂಜುವುದನ್ನು ಬಿಟ್ಟದ್ದೇ ಅಡ್ಡಿಯಾಯಿತು. ಹೇಳಿದ್ದಕ್ಕೆ ಇವರು ಮನೆ ಬಿಡಿಸಿದರು. ಹೇಳದೆ ಇದ್ದದ್ದಕ್ಕೆ ಚರ್ಚಿನವರು ಚರಂಡಿಯ ಬದಿ ತೋರಿಸಿದರು. ಪಾಪ, ಅಪ್ಪ ಬೇಸಿಗೆಯಲ್ಲಿ ಕಿಟಕಿ ಮುಚ್ಚಿದ್ದೇ ಬಂತು.

ಅವ್ವ ಹುಡುಗಿಯರ ಹಾಸ್ಟೆಲೊಂದರಲ್ಲಿ ಅಡುಗೆಗೆ ಸೇರಿದಳು. ಹಾಸ್ಟೆಲ್ಲಿನ ಹಿಂದೆ ಒಂದು ಕೋಣೆ ಕೊಟ್ಟರು. ಅಲ್ಲಿಂದ ಚರ್ಚಿಗೆ ಬರಿಹಣೆಯಲ್ಲಿ ನಡೆದು ಹೋಗುತ್ತಿದ್ದಳು. ಯಾರೂ ಏನೂ ಕೇಳುತ್ತಿರಲಿಲ್ಲ, ಯಾಕೆಂದರೆ ಯಾರಿಗೂ ಬೇಕಾಗಿರಲಿಲ್ಲ. ಆಗಿನ ಸಭಾಪಾಲಕರು ಧೈರ್ಯದ ಸಾಕ್ಷಿ ಹೇಳಲು ಎಷ್ಟೋ ಸಲ ಕರೆದರು. ನಮ್ಮ ಸಭೆಗಳಲ್ಲಿ ಆರಾಧನೆಯ ನಡುವೆ ಒಂದಿಷ್ಟು ಹೊತ್ತು, ಎದ್ದು ನಿಂತು ದೇವರು ತನಗೇನು ಮಾಡಿದನೆಂದು ಹೇಳುವ ಪದ್ಧತಿಯಿದೆ. ಅವ್ವ ಏಳಲಿಲ್ಲ. ಮರಾಠಿ ಬಾರದೆಂಬುದು ನೆಪ. “ಪ್ರಭುಗ ಎಲ್ಲಾ ಭಾಷಾ ಬರತಾವು, ನನಗ ಬರೂದಿಲ್ಲ” ಎಂದು ಜಾರಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಹಾಸ್ಟೆಲ್ಲಿನ ಅಕ್ಕಿ ಆರಿಸುತ್ತಾ ನನ್ನೆದುರು ಮಾತ್ರ ಹೇಳಿದಳು.

“ಧೈರ್ಯ ಎಲ್ಲೀದವ್ವಾ. ನನಗ ಸಾಕಾಗಿತ್ತು. ಕೈಯಾಗಿದ್ದದ್ದೆಲ್ಲ ಬಿಟ್ಟುಬಿಟ್ಟೆ. ಬೀಳತೀನಿ ಅಂತನ ಬಿಟ್ಟೆ.”

“ಆಮ್ಯಾಲೆ?”

“ಆಮ್ಯಾಲೇನು. ಅವ ಹಿಡದ. ಬ್ಯಾರೆ ಯಾರೂ ಇದ್ದಿದ್ದಿಲ್ಲಲ್ಲ, ಅವನ ಹಿಡೀಬೇಕಾತು.”

ನನಗೆ ಆಗ ಅದು ಸೋತವರ ಮಾತಿನಂತೆ ಕೇಳಿತು. ಎಲ್ಲ ಬಾಗಿಲು ಮುಚ್ಚಿದ ಮೇಲೆ ಉಳಿದ ಒಂದು ಬಾಗಿಲಿಗೆ ನಂಬಿಕೆ ಎಂದು ಹೆಸರಿಟ್ಟರೆ ಅದರಲ್ಲೇನಿದೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ನಾನು ಪತ್ರಿಕೆ ಸೇರಿದ್ದೆ. ನನ್ನ ಹಣೆಯೂ ಬರಿದೇ ಇತ್ತು. ಆದರೆ ಓದಿದ ಹೆಂಗಸಿನ ಬರಿಹಣೆಗೆ ಬೇರೆ ಅರ್ಥ. “ಮ್ಯಾಡಮ್ ಏಕದಮ್ ಫಾರ್ವರ್ಡ್” ಎಂದರು ಸಹೋದ್ಯೋಗಿಗಳು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಬರೆದವರ ಹೆಸರು ಹಾಕುವ ಬೈಲೈನಿನಲ್ಲಿ ಮುಳಗುಂದಕರ ಎಂದೇ ಅಚ್ಚಾಯಿತು. ಅವ್ವ ಮನೆ ಕಳೆದುಕೊಂಡು ಪಡೆದದ್ದು ನನಗೆ ಫ್ಯಾಶನ್ನಾಗಿ ಬಿಟ್ಟಿ ಸಿಕ್ಕಿತು.

ಅವ್ವ ತೀರಿಕೊಂಡು ಕೆಲವು ವರ್ಷಗಳಾದವು. ಕೊನೆಗಾಲದಲ್ಲಿ ಬಜಾಜ್ ನಗರದ ನನ್ನ ಫ್ಲ್ಯಾಟಿನಲ್ಲೇ ಇದ್ದಳು. ಅವಳು ಹೋದ ಮೇಲೂ ನಾನು ಆಗಾಗ ಅದೇ ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬರುತ್ತೇನೆ. ಪ್ರೆಸ್ ಗ್ಯಾಲರಿಯಲ್ಲಿ ಕೂತವರ ಹಾಗೆ.

ಟಿಕಲಿಯ ವಾಸನೆ ಹೊತ್ತು ಬಂದ ಮರುದಿನ ಭಾನುವಾರ. ಈಗಿನ ಪಾಸ್ಟರ್ ತರುಣ, ಮಾತಿನ ಚತುರ. ಅಂದು ಪ್ರಸಂಗದಲ್ಲಿ, ಎಂದರೆ ಉಪದೇಶದಲ್ಲಿ, ಉದಾಹರಣೆಗೆ ನಮ್ಮ ಅವ್ವನನ್ನೇ ತೆಗೆದುಕೊಂಡರು. ಗಂಡನ ಶವದ ಮುಂದೆ ಒಬ್ಬ ಸಹೋದರಿ ಕುಂಕುಮದ ಬಟ್ಟಲನ್ನು ಕಸಿದು ಎಸೆದಳಂತೆ. ನೆರೆದವರ ಮುಂದೆ ಸಿಂಹಿಣಿಯಂತೆ ಗರ್ಜಿಸಿದಳಂತೆ. ಆ ಮನೆಯ ಯಜಮಾನಿ ನಡುಗಿ ಕ್ಷಮೆ ಕೇಳಿದಳಂತೆ. ಆಮೇಲೆ ಪ್ರಭು ಅವಳಿಗೆ ಮೊದಲಿಗಿಂತ ದೊಡ್ಡ ಮನೆಯನ್ನು ದಯಪಾಲಿಸಿದನಂತೆ. ಸಭೆ “ಆಮೆನ್” ಎಂದಿತು. ನನ್ನ ಬೆರಳು ಪೆನ್ಸಿಲ್ಲು ಹುಡುಕಿತು.

ಸಾಕ್ಷಿಯ ಹೊತ್ತು ಬಂದಾಗ ನಾನು ಎದ್ದೆ. ಅಷ್ಟು ವರ್ಷಗಳಲ್ಲಿ ಅದೇ ಮೊದಲು. ಇದು ಸಾಕ್ಷಿಯಲ್ಲ, ತಿದ್ದುಪಡಿ ಎಂದೆ. ಬಟ್ಟಲು ಇರಲಿಲ್ಲ, ಒಂದು ಟಿಕಲಿ ಇತ್ತು. ಎಸೆಯಲಿಲ್ಲ, ಅಪ್ಪನ ಕೈಗೆ ಅಂಟಿಸಿದಳು. ಗರ್ಜಿಸಲಿಲ್ಲ, ಅವಳ ದನಿ ಹತ್ತಿರ ಕೂತವರಿಗಷ್ಟೇ ಕೇಳಿತು. ಯಾರೂ ನಡುಗಲಿಲ್ಲ. ಕುಂಕುಮ ಒರೆಸಲು ಬಂದ ಮುದುಕಿ ಅಳುತ್ತಿದ್ದಳು. ದೊಡ್ಡ ಮನೆ ಸಿಗಲಿಲ್ಲ, ಹಾಸ್ಟೆಲ್ಲಿನ ಹಿಂದೆ ಒಂದು ಕೋಣೆ ಸಿಕ್ಕಿತು. ನನ್ನ ತಂದೆಯನ್ನು ಈ ಸಭೆ ಚರಂಡಿಯ ಬದಿಗೆ ಹೂಳಿತು. ಅವಳು ಗೆಲ್ಲಲಿಲ್ಲ. ದಣಿದಿದ್ದಳು.

ಮುಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಪಾಸ್ಟರ್ ಕೋಪಿಸಿಕೊಳ್ಳಲಿಲ್ಲ, ಅವರಿಗೆ ಅಭ್ಯಾಸವಿದೆ. ಮೃದುವಾಗಿ ಕೇಳಿದರು: “ತಾಈ, ಆಣಿ ತುಮಚೀ ಸಾಕ್ಷ?” ಅಕ್ಕಾ, ಮತ್ತೆ ನಿಮ್ಮ ಸಾಕ್ಷಿ?

ಕುಳಿತುಬಿಡಬಹುದಿತ್ತು. ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿದವರನ್ನು ಯಾರೂ ನಿಮ್ಮ ಅಭಿಪ್ರಾಯವೇನೆಂದು ಕೇಳುವುದಿಲ್ಲ. ನನಗೆ ಗಂಡನಿಲ್ಲ, ಮಕ್ಕಳಿಲ್ಲ, ಈಗ ಕಚೇರಿಯೂ ಇಲ್ಲ. ಹಿಡಿದುಕೊಳ್ಳಲು ನನಗೂ ಬಹಳವೇನೂ ಉಳಿದಿಲ್ಲ ಎಂಬುದು ಅಲ್ಲಿ ನಿಂತಾಗ ತಿಳಿಯಿತು. ಕಣ್ಣಾರೆ ಕಂಡದ್ದನ್ನಷ್ಟೇ ಬರೆಯಬೇಕೆಂದು ಕಲಿತವಳು ನಾನು. ಕಂಡದ್ದನ್ನೇ ಹೇಳಿದೆ.

“ಅವಳನ್ನು ಹಿಡಿದವನನ್ನು ನಾನು ನೋಡಿಲ್ಲ. ಆದರೆ ಅವಳು ಬೀಳಲಿಲ್ಲ. ಅದನ್ನು ನೋಡಿದ್ದೇನೆ.”

ಆಮೆನ್ ಬರುವುದು ತುಸು ತಡವಾಯಿತು. ತಾಯಿಯ ಧೈರ್ಯವೇ ಮಗಳಿಗೂ ಬಂದಿದೆ ಎಂದು ಪಾಸ್ಟರ್ ಕೊಂಡಾಡಿದರು. ಮುಂದೊಂದು ದಿನ ಅವರ ಪ್ರಸಂಗದಲ್ಲಿ ಆ ಬಟ್ಟಲು ಮತ್ತೆ ಹಾರುತ್ತದೆ, ನನಗೆ ಗೊತ್ತು. ತಿದ್ದುಪಡಿಯನ್ನು ಯಾರೂ ಓದುವುದಿಲ್ಲವೆಂದು ಗೊತ್ತಿದ್ದೂ ನಾವು ಹಾಕುತ್ತಿದ್ದೆವು. ಹಾರ್ಮೋನಿಯಂ ಶುರುವಾಯಿತು. ಹಾಡಿಗೆ ಎಲ್ಲರೂ ಎದ್ದರು. ನಾನು ಮೊದಲೇ ನಿಂತಿದ್ದೆ.